ಗಡುವು ಮುಂದಿನ ವರ್ಷಕ್ಕಿದ್ದರೂ ಜಾಲತಾಣ ಏಕೆ ಮಾಯವಾಯಿತು?

ಪ್ರಶ್ನೆ: ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿಗಳ ಸಂಘಕ್ಕೆ ಡಾಟ್ ಕಾಮ್ ಹೆಸರಿನ ಜಾಲತಾಣವಿದೆ. ಈ ಬಾರಿ ನವೀಕರಣದ ಹಣ ಕಟ್ಟುವುದು ಮರೆತುಹೋಯಿತು. ಗಾಬರಿಯಿಂದ ಹೂಈಸ್ ಹುಡುಕಾಟದಲ್ಲಿ (ಜಾಲತಾಣದ ಹೆಸರು ಯಾರದು, ಅವಧಿ ಎಂದು ಮುಗಿಯುತ್ತದೆ ಎಂಬುದನ್ನು ತೋರಿಸುವ ಸೇವೆ) ನೋಡಿದಾಗ ಅವಧಿ ಮುಗಿಯುವುದು ಮುಂದಿನ ವರ್ಷ ಎಂದಿತ್ತು, ನಿಶ್ಚಿಂತರಾದೆವು. ಎರಡು ವಾರ ಕಳೆದು ನಿನ್ನೆ ನೋಡಿದರೆ ಅಲ್ಲಿ ಯಾವುದೋ ಜಾಹೀರಾತಿನ ಪುಟವಿದೆ. ನನ್ನ ಮನೆಯ ಕಂಪ್ಯೂಟರಿನಲ್ಲಿ ಮಾತ್ರ ಹಳೆಯ ತಾಣವೇ ತೆರೆಯುತ್ತಿದೆ. ಮಾಲೀಕರ ಜಾಗದಲ್ಲಿ ಸಂಘದ ಹೆಸರೂ ಕಾಣುತ್ತಿಲ್ಲ. ಹೆಸರು ಬೇರೆಯವರ ಪಾಲಾಯಿತೇ?
– ಓದುಗರೊಬ್ಬರು, ಸಾಗರ

ಉತ್ತರ: ನೀವು ಹೇಳಿದ ಲಕ್ಷಣಗಳನ್ನು ನೋಡಿದರೆ ಹೆಸರು ಇನ್ನೂ ಕೈತಪ್ಪಿರಲಾರದು. ಆದರೆ ಮುಂದಿನ ವಿವರಣೆಯನ್ನು ಓದುವ ಮೊದಲೇ ದಯವಿಟ್ಟು ನಿಮಗೆ ಹೆಸರು ಮಾರಿದ ಸಂಸ್ಥೆಯ ಖಾತೆಗೆ ಲಾಗಿನ್ ಆಗಿ ನವೀಕರಣದ ಹಣ ಕಟ್ಟಿಬಿಡಿ.

ಈಗ ಆ ದಿನಾಂಕದ ವಿಷಯಕ್ಕೆ ಬರೋಣ. ಡಾಟ್ ಕಾಮ್ ಹೆಸರುಗಳ ಮೂಲ ದಾಖಲೆಯನ್ನು ಇಟ್ಟುಕೊಂಡಿರುವುದು ವೆರಿಸೈನ್ ಎಂಬ ಕಂಪನಿ; ಅದನ್ನು ರಿಜಿಸ್ಟ್ರಿ ಎನ್ನುತ್ತಾರೆ. ನಿಮ್ಮಿಂದ ಹಣ ಪಡೆದು ಹೆಸರು ಕೊಟ್ಟವರು ರಿಜಿಸ್ಟ್ರಾರ್. ಒಂದು ಹೆಸರಿನ ಅವಧಿ ಮುಗಿದ ದಿನವೇ ರಿಜಿಸ್ಟ್ರಿಯು ಯಾರನ್ನೂ ಕೇಳದೆ ಅದನ್ನು ಒಂದು ವರ್ಷ ಮುಂದುವರಿಸಿ, ಶುಲ್ಕವನ್ನು ರಿಜಿಸ್ಟ್ರಾರ್ ಲೆಕ್ಕಕ್ಕೆ ಹಾಕುತ್ತದೆ. ಗ್ರಾಹಕರು ಹಣ ಕಟ್ಟದಿದ್ದರೆ 45 ದಿನಗಳೊಳಗೆ ಆ ಹೆಸರನ್ನು ಅಳಿಸಿ ಶುಲ್ಕವನ್ನು ಹಿಂಪಡೆಯುವ ಅವಕಾಶ ರಿಜಿಸ್ಟ್ರಾರ್‌ಗೆ ಇರುತ್ತದೆ. ನೀವು ಕಂಡ ದಿನಾಂಕ ಇವರಿಬ್ಬರ ನಡುವಿನ ಲೆಕ್ಕದ್ದೇ ಹೊರತು ನಿಮ್ಮದಲ್ಲ. ಕಟ್ಟಡದ ಮಾಲೀಕರಿಗೆ ಗುತ್ತಿಗೆದಾರರು ಬಾಡಿಗೆ ಕಟ್ಟಿದ್ದಾರೆಂದ ಮಾತ್ರಕ್ಕೆ ಅವರ ಕೈಕೆಳಗೆ ಮಳಿಗೆ ಹಿಡಿದವರ ಬಾಡಿಗೆ ಸಂದಾಯವಾದಂತಲ್ಲವಷ್ಟೆ.

ಫಲಿತಾಂಶವನ್ನು ಪೂರ್ತಿಯಾಗಿ ಓದಿದರೆ ಇದು ತಿಳಿಯುತ್ತದೆ. 'ರಿಜಿಸ್ಟ್ರಿ ಎಕ್ಸ್‌ಪೈರಿ ಡೇಟ್' ಎಂಬ ಸಾಲು ಮೇಲಿನ ಲೆಕ್ಕದ್ದು. 'ರಿಜಿಸ್ಟ್ರಾರ್ ರಿಜಿಸ್ಟ್ರೇಶನ್ ಎಕ್ಸ್‌ಪಿರೇಶನ್ ಡೇಟ್' ಎಂಬ ಸಾಲು ಇದ್ದರೆ ಸಾಮಾನ್ಯವಾಗಿ ನಿಮ್ಮ ಗಡುವಿಗೆ ಹತ್ತಿರವಾದದ್ದು ಅದೇ. ಅನೇಕ ಹುಡುಕಾಟದ ಪುಟಗಳು ಮೊದಲನೆಯದನ್ನಷ್ಟೇ ದೊಡ್ಡ ಅಕ್ಷರದಲ್ಲಿ ತೋರಿಸಿ ಎರಡನೆಯದನ್ನು ಬಿಟ್ಟುಬಿಡುತ್ತವೆ. ಇದು ಬಳಕೆದಾರರಿಗೆ ಮಾಡುವ ಅನ್ಯಾಯವೆಂದೇ ನನ್ನ ಅಭಿಪ್ರಾಯ. 'ಅಪ್‌ಡೇಟೆಡ್ ಡೇಟ್' ಅವಧಿ ಮುಗಿದ ಆಸುಪಾಸಿನದಾಗಿದ್ದು, 'ನೇಮ್ ಸರ್ವರ್' (ಹೆಸರಿನ ತಾಣ ಎಲ್ಲಿದೆ ಎಂಬ ವಿಳಾಸ ಹೇಳುವ ಸರ್ವರ್) ಸಾಲುಗಳಲ್ಲಿ ನಿಮಗೆ ಪರಿಚಯವಿಲ್ಲದ ಹೆಸರುಗಳು ಬಂದಿದ್ದರೆ, ರಿಜಿಸ್ಟ್ರಾರ್ ನಿಮ್ಮ ಹೆಸರನ್ನು ತಾತ್ಕಾಲಿಕವಾಗಿ ತನ್ನ ಜಾಹೀರಾತಿನ ಪುಟಕ್ಕೆ ತಿರುಗಿಸಿರುವ ಸಾಧ್ಯತೆ ಹೆಚ್ಚು. ದಿನಾಂಕದ ಜೊತೆಗಿರುವ ಸಮಯದ ಕೊನೆಯಲ್ಲಿ 'ಝಡ್' ಎಂಬ ಅಕ್ಷರವಿದ್ದರೆ ಅದು ಜಾಗತಿಕ ಸಮಯ. 18:40 ಎಂದಿದ್ದರೆ ನಮ್ಮಲ್ಲಿ ಆಗಲೇ ಮರುದಿನದ ನಡುರಾತ್ರಿ 12:10 ಆಗಿರುತ್ತದೆ.

ಆ 45 ದಿನಗಳು ನಿಮ್ಮ ಹಕ್ಕು ಎಂದು ಭಾವಿಸಬೇಡಿ. ರಿಜಿಸ್ಟ್ರಾರ್ ಅದಕ್ಕೂ ಮೊದಲೇ ಹೆಸರನ್ನು ಅಳಿಸಬಹುದು, ಹರಾಜಿಗೂ ಇಡಬಹುದು. ಅಳಿಸಿದ ಮೇಲೆ 'ರಿಡೆಂಪ್ಶನ್ ಪೀರಿಯಡ್' ಎಂಬ 30 ದಿನಗಳಿದ್ದು, ಆಗಲೂ ಹೆಸರನ್ನು ಬಿಡಿಸಿಕೊಳ್ಳಬಹುದಾದರೂ ಬಹುತೇಕ ಕಡೆ ನವೀಕರಣಕ್ಕಿಂತ ಹೆಚ್ಚಿನ ಶುಲ್ಕ ತೆರಬೇಕಾಗುತ್ತದೆ. ಅದರ ನಂತರದ 'ಪೆಂಡಿಂಗ್ ಡಿಲೀಟ್' ಎಂಬ 5 ದಿನಗಳಲ್ಲಿ ಏನೂ ಮಾಡಲಾಗದು; ಅದು ಮುಗಿದರೆ ಯಾರು ಮೊದಲು ಕೊಳ್ಳುತ್ತಾರೋ ಹೆಸರು ಅವರದು. ರಿಜಿಸ್ಟ್ರಾರ್‌ಗಳು ಗಡುವಿಗೆ ಸುಮಾರು ಒಂದು ತಿಂಗಳು ಮತ್ತು ಒಂದು ವಾರ ಮುಂಚಿತವಾಗಿ ನೆನಪಿನ ಪತ್ರ ಕಳುಹಿಸಲೇಬೇಕೆಂಬ ನಿಯಮವಿದೆ. ಆ ಪತ್ರಗಳು ಸಂಘದ ಹಿಂದಿನ ಕಾರ್ಯದರ್ಶಿಗಳ ಇಮೇಲ್‌ಗೆ ಹೋಗುತ್ತಿವೆಯೇ ಎಂದು ಖಾತೆಯಲ್ಲಿ ಪರೀಕ್ಷಿಸಿ.

ಮಾಲೀಕರ ಹೆಸರು ಕಾಣದಿರುವುದಕ್ಕೂ ಇದಕ್ಕೂ ಸಂಬಂಧವಿಲ್ಲ. ಯುರೋಪಿನ ಖಾಸಗಿತನದ ಕಾನೂನು 2018ರ ಮೇ 25ರಂದು ಜಾರಿಗೆ ಬಂದ ಮೇಲೆ ಬಹುತೇಕ ರಿಜಿಸ್ಟ್ರಾರ್‌ಗಳು ಎಲ್ಲ ದೇಶದವರ ವಿವರಗಳನ್ನೂ ಮುಚ್ಚಿ 'ರೆಡಾಕ್ಟೆಡ್ ಫಾರ್ ಪ್ರೈವೆಸಿ' ಎಂದು ತೋರಿಸುತ್ತಿದ್ದಾರೆ.

ಮನೆಯಲ್ಲಿ ಹಳೆಯ ತಾಣ ತೆರೆಯುತ್ತಿರುವುದು ನೆನಪಿನ ಬಲದಿಂದ. ನಿಮ್ಮ ಇಂಟರ್ನೆಟ್ ಸೇವೆಯವರ ಸರ್ವರ್ ಒಮ್ಮೆ ಕೇಳಿ ತಿಳಿದ ವಿಳಾಸವನ್ನು ಸ್ವಲ್ಪ ಕಾಲ ಇಟ್ಟುಕೊಳ್ಳುತ್ತದೆ. ಡಾಟ್ ಕಾಮ್ ನೇಮ್ ಸರ್ವರ್ ದಾಖಲೆಗಳಿಗೆ ಈ ಅವಧಿ 1,72,800 ಸೆಕೆಂಡು, ಅಂದರೆ ಎರಡು ದಿನ. ಕಂಪ್ಯೂಟರಿನಲ್ಲಿ 'ಎನ್‌ಎಸ್‌ಲುಕಪ್' ಎಂಬ, ಹೆಸರಿನ ವಿಳಾಸ ಕೇಳುವ ಆದೇಶ ಕೊಟ್ಟಾಗ ಬರುವ 'ನಾನ್ ಅಥಾರಿಟೇಟಿವ್ ಆನ್ಸರ್' ಎಂಬ ಸಾಲನ್ನು ಕಂಡು ಹಲವರು ಹೆದರುತ್ತಾರೆ. ಉತ್ತರ ಬಂದದ್ದು ಮೂಲದಿಂದಲ್ಲ, ನಡುವಿನ ಸರ್ವರಿನಿಂದ ಎಂದಷ್ಟೇ ಅದರ ಅರ್ಥ. ನವೀಕರಣದ ನಂತರ ಇದೇ ಕಾರಣಕ್ಕೆ ಕೆಲವರಿಗೆ ಜಾಹೀರಾತಿನ ಪುಟವೇ ಇನ್ನೂ ಕಾಣಬಹುದು; ಎರಡು ದಿನ ಕಾಯಿರಿ.

ಪ್ರಶ್ನೆ: ಕನ್ನಡ ಲಿಪಿಯ ಡಾಟ್ ಭಾರತ ಹೆಸರೊಂದನ್ನು ಒಂದು ಹುಡುಕಾಟದ ಪುಟ ಸರಿಯಾಗಿ ತೋರಿಸುತ್ತದೆ, ಇನ್ನೊಂದು ಅಂಥ ಹೆಸರೇ ಇಲ್ಲ ಎನ್ನುತ್ತದೆ. ಏಕೆ?

ಉತ್ತರ: ಹೆಸರುಗಳ ವ್ಯವಸ್ಥೆಯೊಳಗೆ ಕನ್ನಡದ ಅಕ್ಷರಗಳು 'ಎಕ್ಸ್‌ಎನ್' ಮತ್ತು ಎರಡು ಅಡ್ಡಗೆರೆಗಳಿಂದ ಆರಂಭವಾಗುವ ರೋಮನ್ ಸಂಕೇತವಾಗಿ ಬದಲಾಗಿ ಸಂಚರಿಸುತ್ತವೆ. ಈ ಬದಲಾವಣೆಯನ್ನೇ ಮಾಡದ ಹಳೆಯ ಪುಟಗಳು ಕನ್ನಡವನ್ನು ಕಂಡ ಕೂಡಲೇ ಕೈಚೆಲ್ಲುತ್ತವೆ. ಇನ್ನೊಂದು ಸೂಕ್ಷ್ಮ ಕಾರಣ ನಮ್ಮ ಬರವಣಿಗೆಯಲ್ಲೇ ಇದೆ. 'ಹಾರ್ಡ್‌ವೇರ್' ಎಂದು ಟೈಪ್ ಮಾಡುವಾಗ ಒತ್ತಕ್ಷರವಾಗದಂತೆ 'ಡ್' ಮತ್ತು 'ವೇ' ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಸೇರಿರುತ್ತದೆ. ರೋಮನ್ ಸಂಕೇತಕ್ಕೆ ಬದಲಿಸುವ 2003ರ ನಿಯಮವನ್ನು ಪಾಲಿಸುವ ತಂತ್ರಾಂಶ ಅದನ್ನು ಕಿತ್ತುಹಾಕುತ್ತದೆ, 2008ರ ನಿಯಮ ಅದನ್ನು 'ಡ್'ನಂಥ ಹಲಂತದ ನಂತರ ಉಳಿಸಿಕೊಳ್ಳಲು ಬಿಡುತ್ತದೆ. ಹೀಗೆ ಒಂದೇ ಪದಕ್ಕೆ ಎರಡು ಸಂಕೇತಗಳಾಗಿ, ಒಂದು ಪುಟಕ್ಕೆ ಸಿಕ್ಕಿದ್ದು ಇನ್ನೊಂದಕ್ಕೆ ಸಿಗುವುದಿಲ್ಲ. ಹೆಸರು ಕೊಂಡಾಗ ಬಂದ ದೃಢೀಕರಣ ಪತ್ರದಲ್ಲಿ ರೋಮನ್ ಸಂಕೇತವಿದ್ದರೆ ಅದನ್ನೇ ನಕಲು ಮಾಡಿ ಎರಡೂ ಪುಟಗಳಲ್ಲಿ ಹಾಕಿ ನೋಡಿ.