2029ರಲ್ಲಿ ಯಾರು ಗೆಲ್ಲುತ್ತಾರೆ? ಮೊದಲು ನನ್ನ ಹಳೇ ಲೆಕ್ಕ ನೋಡಿ

2029ರ ಲೋಕಸಭೆ ಚುನಾವಣೆಯಲ್ಲಿ ಯಾವ ಪಕ್ಷ ಗೆಲ್ಲುತ್ತದೆ, ಈಗಲೇ ಹೇಳೋಕಾಗುತ್ತಾ ಅಂತ ಕೇಳಿದ್ದೀರಿ. ನನ್ನ ಊಹೆ ಖಂಡಿತ ಹೇಳುತ್ತೇನೆ. ಆದರೆ ಅದಕ್ಕೂ ಮುಂಚೆ ನನ್ನ ಮಾರ್ಕ್ಸ್ ಕಾರ್ಡ್ ನೋಡಿಬಿಡಿ. ನಂಬೋದು ಬಿಡೋದು ಆಮೇಲೆ ನಿಮ್ಮಿಷ್ಟ.

ಪ್ರತಿ ಲೋಕಸಭೆ ಚುನಾವಣೆಯ ಕೊನೇ ಹಂತ ಮುಗಿದ ರಾತ್ರಿ ಒಂದು ಡೈರಿಯಲ್ಲಿ ನನ್ನ ಅಂಕಿ ಬರೆದಿಡುವ ಚಾಳಿ ನನಗಿದೆ. ಶುರುವಾಗಿದ್ದು 2004ರಲ್ಲಿ. ಆಗ ವಾಜಪೇಯಿ ಸರ್ಕಾರದ ‘ಇಂಡಿಯಾ ಶೈನಿಂಗ್’ ಜಾಹೀರಾತು ಎಲ್ಲಿ ನೋಡಿದರೂ. ವಾಜಪೇಯಿ ಮತ್ತೆ ಬರೋದು ಗ್ಯಾರಂಟಿ ಅಂತ ಬರೆದೆ. ಕಾಂಗ್ರೆಸ್ 145, ಬಿಜೆಪಿ 138 ಬಂತು, ಮನಮೋಹನ್ ಸಿಂಗ್ ಪ್ರಧಾನಿಯಾದರು. 2009ರಲ್ಲಿ ಪೂರ್ತಿ ಅತಂತ್ರ ಅಂದುಕೊಂಡಿದ್ದೆ, ಕಾಂಗ್ರೆಸ್ಸೇ 206 ಗೆದ್ದಿತು. 2014ರಲ್ಲಿ ಬಿಜೆಪಿಗೆ 210 ಕೊಟ್ಟೆ, ಬಂದಿದ್ದು 282. 2019ರಲ್ಲಿ ‘ಇನ್ನು ಮೇಲೇರಲ್ಲ’ ಅಂತ 240 ಬರೆದೆ, ಬಂದಿದ್ದು 303. ಸರಿ, ಈಗ ಬುದ್ಧಿ ಬಂತು ಅಂದುಕೊಂಡು 2024ರಲ್ಲಿ 310 ಬರೆದೆ. ಬಂದಿದ್ದು 240! 2024ರ ಸರಿಯುತ್ತರವನ್ನು ನಾನು 2019ರಲ್ಲೇ ಬರೆದಿದ್ದೆ ನೋಡಿ. ಮನೆಯಲ್ಲಿ ಇವತ್ತಿಗೂ ಇದನ್ನೇ ಹೇಳಿ ನಗುತ್ತಾರೆ.

ನಾನೊಬ್ಬನೇ ಸೋತಿದ್ದರೆ ಸುಮ್ಮನಿರುತ್ತಿದ್ದೆ. 2024ರ ಜೂನ್ 1ರ ಸಂಜೆ ಬಂದ ಎಕ್ಸಿಟ್ ಪೋಲ್‌ಗಳಲ್ಲಿ ಹೆಚ್ಚಿನವು ಬಿಜೆಪಿ ಮತ್ತು ಅದರ ಮಿತ್ರಪಕ್ಷಗಳ ಕೂಟವಾದ ಎನ್‌ಡಿಎಗೆ 350ರ ಮೇಲೆ ಕೊಟ್ಟಿದ್ದವು, ಕೆಲವು 400ರ ತನಕ ಹೋದವು. ಜೂನ್ 4ಕ್ಕೆ ಸಿಕ್ಕಿದ್ದು 293. ಸರ್ಕಾರ ಯಾರದ್ದು ಅನ್ನೋದನ್ನು ಸರಿಯಾಗಿ ಹೇಳಿದರು, ಎಷ್ಟು ಗಟ್ಟಿ ಸರ್ಕಾರ ಅನ್ನೋದರಲ್ಲಿ ಎಡವಿದರು. ಸಾವಿರಾರು ಜನರನ್ನು ಮಾತಾಡಿಸಿದವರೇ ಎಡವಿದ ಮೇಲೆ, ವಾಟ್ಸ್‌ಆಪ್‌ನಲ್ಲಿ ಓಡಾಡುವ ಸಟ್ಟಾ ಬಜಾರಿನ, ಅಂದರೆ ಬೆಟ್ಟಿಂಗ್ ದಂಧೆಯ, ಅಂಕಿ ನೋಡಿ ತಲೆ ಕೆಡಿಸಿಕೊಳ್ಳಬೇಡಿ.

ಯಾಕೆ ತಪ್ಪುತ್ತೆ? ಜನ ಸುಳ್ಳು ಹೇಳ್ತಾರೆ, ಒಳಗೊಂದು ಹೊರಗೊಂದು ಅಂತ ಎಲ್ಲರೂ ಹೇಳುತ್ತಾರೆ. ಅದೂ ಇದೆ, ಇಲ್ಲ ಅನ್ನಲ್ಲ. ಆದರೆ ನನಗೆ ಕಾಣುವ ದೊಡ್ಡ ಕಾರಣ ಬೇರೆ. ನಮ್ಮಲ್ಲಿ ಮತ ಎಣಿಸೋದು ಒಂದು, ಸೀಟು ಎಣಿಸೋದು ಇನ್ನೊಂದು. ಕ್ಷೇತ್ರದಲ್ಲಿ ಉಳಿದವರಿಗಿಂತ ಒಂದು ಮತ ಜಾಸ್ತಿ ಬಂದರೆ ಸಾಕು, ಸೀಟು ನಿಮ್ಮದು. ಸುಮ್ನೆ ಮಾತಿಗೆ ಹೇಳ್ತಿಲ್ಲ. 2004ರ ವಿಧಾನಸಭೆ ಚುನಾವಣೆಯಲ್ಲಿ ನಮ್ಮ ಸಂತೇಮರಹಳ್ಳಿಯಲ್ಲಿ ಧ್ರುವನಾರಾಯಣ ಗೆದ್ದಿದ್ದು ಒಂದೇ ಒಂದು ಮತದಿಂದ.

ಈಗ ಇದನ್ನು ಇಡೀ ದೇಶಕ್ಕೆ ಹಾಕಿ ನೋಡಿ. 2019ರಿಂದ 2024ಕ್ಕೆ ಬಿಜೆಪಿಯ ಮತಪಾಲು ಇಳಿದಿದ್ದು ಹೆಚ್ಚುಕಮ್ಮಿ ಒಂದು ಪರ್ಸೆಂಟ್ ಅಷ್ಟೇ. 37ಕ್ಕಿಂತ ಸ್ವಲ್ಪ ಮೇಲಿದ್ದದ್ದು 36.5ರ ಹತ್ತಿರಕ್ಕೆ ಬಂತು. ಸೀಟು ಮಾತ್ರ 63 ಹೋದವು. ಕಾಂಗ್ರೆಸ್ ಎರಡು ಪರ್ಸೆಂಟ್ ಕೂಡ ಪೂರ್ತಿ ಏರಲಿಲ್ಲ, ಸೀಟು 52ರಿಂದ 99ಕ್ಕೆ ಹೋಯಿತು. ಎರಡು ಮೂರು ಪರ್ಸೆಂಟ್ ಆಚೀಚೆ ಆಗೋದು ಯಾವ ಸಮೀಕ್ಷೆಗೂ ಸಹಜ. ಆದರೆ ಅಷ್ಟರಲ್ಲೇ ಸರ್ಕಾರದ ಬಣ್ಣ ಬದಲಾಗಿಬಿಡಬಹುದು.

ಹಾಗಾದರೆ ಆ 63 ಸೀಟು ಹೋಗಿದ್ದೆಲ್ಲಿ? ಅರ್ಧದಷ್ಟು ಉತ್ತರ ಪ್ರದೇಶ ಒಂದರಲ್ಲೇ. ಅಲ್ಲಿ 62 ಇದ್ದದ್ದು 33ಕ್ಕೆ ಇಳಿಯಿತು, ಸಮಾಜವಾದಿ ಪಕ್ಷ 5ರಿಂದ 37ಕ್ಕೆ ಜಿಗಿಯಿತು. ಅಯೋಧ್ಯೆ ಇರುವ ಫೈಜಾಬಾದ್ ಕ್ಷೇತ್ರವೂ ಅವರಿಗೇ ಹೋಯಿತು. ರಾಮಮಂದಿರ ಉದ್ಘಾಟನೆಯಾಗಿ ಐದು ತಿಂಗಳೂ ಆಗಿರಲಿಲ್ಲ. ಟಿವಿಯಲ್ಲಿ ಕೂತು ‘ದೇಶದಲ್ಲಿ ಹವಾ ಹೇಗಿದೆ’ ಅಂತ ಕೇಳುತ್ತಾರಲ್ಲ, ಆ ಪ್ರಶ್ನೆಯೇ ಸರಿಯಿಲ್ಲ ಅನಿಸುವುದು ಇಂಥದ್ದಕ್ಕೇ. ದೇಶದ್ದು ಅಂತ ಒಂದು ಹವಾ ಅಪರೂಪಕ್ಕೆ ಬೀಸುತ್ತದೆ. ಉಳಿದಂತೆ ಒಂದೊಂದು ರಾಜ್ಯಕ್ಕೆ ಒಂದೊಂದು ಗಾಳಿ.

ಅದಕ್ಕೇ ನಾನೀಗ ದೇಶ ನೋಡೋದು ಬಿಟ್ಟು ಐದು ರಾಜ್ಯ ನೋಡುತ್ತೇನೆ. ಉತ್ತರ ಪ್ರದೇಶ 80, ಮಹಾರಾಷ್ಟ್ರ 48, ಪಶ್ಚಿಮ ಬಂಗಾಳ 42, ಬಿಹಾರ 40, ತಮಿಳುನಾಡು 39. ಕೂಡಿಸಿ, 249 ಆಗುತ್ತದೆ. ಬಹುಮತಕ್ಕೆ ಬೇಕಾಗಿರೋದು 543ರಲ್ಲಿ 272. ಈ ಐದರಲ್ಲಿ ಯಾರು ಯಾರ ಜೊತೆ ಸೇರಿದ್ದಾರೆ ಅನ್ನೋದು ಗೊತ್ತಾದರೆ ಅರ್ಧ ಉತ್ತರ ಸಿಕ್ಕಿದ ಹಾಗೆ. ಕಷ್ಟ ಏನಪ್ಪಾ ಅಂದ್ರೆ, ಅದು ಕೊನೇ ಗಳಿಗೆ ತನಕ ಗೊತ್ತಾಗಲ್ಲ. ಬಿಹಾರದ ನಿತೀಶ್ ಕುಮಾರ್ 2022ರಲ್ಲಿ ಬಿಜೆಪಿ ಜೊತೆ ಬಿಟ್ಟವರು 2024ರ ಜನವರಿಯಲ್ಲಿ ವಾಪಸ್ ಬಂದರು. ಈ ಐದರ ಆಚೆಗೂ ಇದೇ ಕಥೆ, ಆಂಧ್ರದ ಚಂದ್ರಬಾಬು ನಾಯ್ಡು 2018ರಲ್ಲಿ ಹೋದವರು 2024ರಲ್ಲಿ ಚುನಾವಣೆಗೆ ಸ್ವಲ್ಪ ಮುಂಚೆ ಬಂದರು. ಇವರಿಬ್ಬರ 12 ಮತ್ತು 16 ಸೀಟು ಸೇರಿದರೆ 28. ಅವಿಲ್ಲದೆ ಎನ್‌ಡಿಎ 272 ಮುಟ್ಟುತ್ತಿರಲಿಲ್ಲ. 2023ರ ಕೊನೆಯಲ್ಲಿ ಇದನ್ನು ಯಾರು ಊಹಿಸಿದ್ದರು ಹೇಳಿ?

ನಮ್ಮ ರಾಜ್ಯವನ್ನೇ ತೆಗೆದುಕೊಳ್ಳಿ. ವಿಧಾನಸಭೆ ಫಲಿತಾಂಶ ಇಟ್ಟುಕೊಂಡು ಲೋಕಸಭೆ ಹೇಳಲು ಹೊರಟವರೆಲ್ಲ ಇಲ್ಲಿ ಮಣ್ಣು ಮುಕ್ಕಿದ್ದಾರೆ. 1984ರ ಕೊನೆಯಲ್ಲಿ ಕರ್ನಾಟಕದ 28ರಲ್ಲಿ 24 ಸೀಟು ಕಾಂಗ್ರೆಸ್‌ಗೆ ಕೊಟ್ಟ ಜನ, ಕೆಲವೇ ತಿಂಗಳಲ್ಲಿ, 1985ರ ಮಾರ್ಚ್‌ನಲ್ಲಿ, ರಾಮಕೃಷ್ಣ ಹೆಗಡೆಯವರ ಜನತಾ ಪಕ್ಷಕ್ಕೆ 139 ಸೀಟು ಕೊಟ್ಟು ಕೂರಿಸಿದರು. 2013ರಲ್ಲಿ ಕಾಂಗ್ರೆಸ್‌ಗೆ 122, ಮರುವರ್ಷ ಲೋಕಸಭೆಯಲ್ಲಿ ಬಿಜೆಪಿಗೆ 17. 2023ರಲ್ಲಿ ಕಾಂಗ್ರೆಸ್‌ಗೆ 135, ಮರುವರ್ಷ ಮತ್ತೆ ಬಿಜೆಪಿಗೆ 17, ಮೈತ್ರಿಯಲ್ಲಿದ್ದ ಜೆಡಿಎಸ್‌ಗೆ 2, ಕಾಂಗ್ರೆಸ್‌ಗೆ 9. ನಮ್ಮ ಜನ ಬೆಂಗಳೂರಿಗೊಂದು, ದಿಲ್ಲಿಗೊಂದು ಲೆಕ್ಕ ಇಟ್ಟುಕೊಂಡಿದ್ದಾರೆ. ಇದರಲ್ಲಿ ಗೊಂದಲ ಏನಿಲ್ಲ, ಗೊಂದಲ ಇರುವುದು ನಮ್ಮಂಥ ಊಹೆಗಾರರ ತಲೆಯಲ್ಲಿ. ಮಹಾರಾಷ್ಟ್ರದಲ್ಲಂತೂ ಆರು ತಿಂಗಳೂ ಬೇಕಾಗಲಿಲ್ಲ. 2024ರ ಜೂನ್‌ನಲ್ಲಿ 48ರಲ್ಲಿ 30 ಗೆದ್ದ ಕಾಂಗ್ರೆಸ್ ಮತ್ತು ಮಿತ್ರರ ಕೂಟ ನವೆಂಬರ್‌ನ ವಿಧಾನಸಭೆಯಲ್ಲಿ ನೆಲ ಕಚ್ಚಿತು.

ಇನ್ನು ಸಭೆಗೆ ಬಂದ ಜನ ನೋಡಿ ಲೆಕ್ಕ ಹಾಕುವವರ ಬಗ್ಗೆ ಏನೂ ಹೇಳಲ್ಲ. ಬಸ್ಸು ಕಳಿಸಿದರೆ ಯಾರ ಸಭೆಗೂ ಜನ ಬರ್ತಾರೆ.

ಟಿವಿ ಪಂಡಿತರನ್ನು ನೋಡಿದಾಗಲೆಲ್ಲ ನನಗೆ ಮೈಲಾರದ ಕಾರಣಿಕ ನೆನಪಾಗುತ್ತದೆ. ಗೊರವಯ್ಯ ಬಿಲ್ಲೇರಿ ‘ಸದ್ದಲೇ’ ಅಂತ ಕೂಗುತ್ತಾನೆ, ಇಡೀ ಜಾತ್ರೆ ಗಪ್‌ಚಿಪ್. ಒಂದೇ ಸಾಲು ನುಡಿದು ಕೆಳಗೆ ಬೀಳುತ್ತಾನೆ. ಆಮೇಲೆ ವರ್ಷವಿಡೀ ಆ ಸಾಲಿಗೆ ಮಳೆ ಬೆಳೆಯಿಂದ ಹಿಡಿದು ಸರ್ಕಾರದ ತನಕ ಅರ್ಥ ಹಚ್ಚುವುದು ನಾವೇ. ಆದರೂ ಗೊರವಯ್ಯ ವಾಸಿ, ಒಂದೇ ಸಾಲಿಗೆ ನಿಲ್ಲಿಸುತ್ತಾನೆ.

ಸರಿ, ನೀವು ಕೇಳಿದ್ದಕ್ಕೆ ಬರ್ತೀನಿ. ಇವತ್ತಿನ ಲೆಕ್ಕದಲ್ಲಿ 2029ರಲ್ಲೂ ಅತಿ ದೊಡ್ಡ ಪಕ್ಷ ಬಿಜೆಪಿಯೇ ಅಂತ ನನ್ನ ಊಹೆ. ಇದು ನನ್ನ ಆಸೆಯೂ ಅಲ್ಲ, ಭಯವೂ ಅಲ್ಲ. ಸೋತು ಸುಣ್ಣವಾದ ವರ್ಷ ಅಂತ ಕರೆಸಿಕೊಂಡ 2024ರಲ್ಲೂ ಅದರ ಮತಪಾಲು ಕಾಂಗ್ರೆಸ್‌ಗಿಂತ ಸುಮಾರು 15 ಪರ್ಸೆಂಟ್ ಮೇಲಿತ್ತು. ಇಷ್ಟು ಅಂತರ ಒಂದೇ ಚುನಾವಣೆಯಲ್ಲಿ ಮುಚ್ಚೋದು ಕಷ್ಟ. ಆದರೆ ಒಂಟಿಯಾಗಿ 272 ದಾಟುತ್ತಾ ಅಂದ್ರೆ, ದಾಟಲ್ಲ ಅನ್ನೋ ಕಡೆಗೆ ಸ್ವಲ್ಪ ವಾಲುತ್ತೇನೆ. ಉತ್ತರ ಪ್ರದೇಶದಲ್ಲಿ ವಿರೋಧಿಗಳ ಮತ ಒಟ್ಟಾಗೇ ಉಳಿದರೆ ಅದು ಆಗದ ಮಾತು, ಚದುರಿದರೆ ಸುಲಭ. ವಿರೋಧ ಪಕ್ಷಗಳ ಸರ್ಕಾರ ಬರೋದಿಲ್ಲವೇ? ಬರಬಹುದು, ಅದಕ್ಕೆ ಆ ಐದು ರಾಜ್ಯಗಳಲ್ಲಿ ಸೀಟು ಹಂಚಿಕೆ ಜಗಳವಿಲ್ಲದೆ ಮುಗಿಯಬೇಕು. ಅವರ ಚರಿತ್ರೆ ನೋಡಿದರೆ ಅದು ಗೆಲ್ಲೋದಕ್ಕಿಂತ ಕಷ್ಟದ ಕೆಲಸ.

ಈ ಲೆಕ್ಕವನ್ನೆಲ್ಲ ತಲೆಕೆಳಗು ಮಾಡುವ ವಿಷಯಗಳೂ ಇವೆ. ಮೋದಿಯವರಿಗೆ ಆಗ 78 ವರ್ಷ, ಅವರೇ ಮುಂದಾಳಾಗಿರುತ್ತಾರಾ ಅನ್ನೋದು ಒಂದು. ಇನ್ನೊಂದು ಕ್ಷೇತ್ರ ಮರುವಿಂಗಡಣೆ. ಯಾವ ರಾಜ್ಯಕ್ಕೆ ಎಷ್ಟು ಸೀಟು ಅನ್ನೋದು 1971ರ ಜನಗಣತಿಯ ಮೇಲೆ ನಿಂತಿದೆ. ಅದನ್ನು ಬದಲಿಸಿ ಹೊಸ ಜನಗಣತಿ ಹಿಡಿದರೆ, ಜೊತೆಗೆ 2023ರಲ್ಲಿ ಸಂಸತ್ತು ಒಪ್ಪಿದ ಮಹಿಳಾ ಮೀಸಲಾತಿಯೂ ಜಾರಿಯಾದರೆ, 543 ಅನ್ನೋ ಅಂಕಿಯೇ ಉಳಿಯಲಿಕ್ಕಿಲ್ಲ. ಮಹಿಳೆಯರಿಗೆ ಮೀಸಲಾದ ಮೂರರಲ್ಲೊಂದು ಕ್ಷೇತ್ರದಲ್ಲಿ ಹೊಸ ಅಭ್ಯರ್ಥಿ, ಟಿಕೆಟ್ ತಪ್ಪಿದ ಹಳೇ ಗಂಡಸರ ಬಂಡಾಯ! ಯಾವ ಸಮೀಕ್ಷೆಯೂ ಅದನ್ನು ಮೊದಲೇ ಅಳೆಯಲಾರದು.

ನನ್ನ ಡೈರಿಯಲ್ಲಿ 2029ರ ಪುಟಕ್ಕೆ ಸದ್ಯ ‘ಬಿಜೆಪಿ 245’ ಅಂತ ಬರೆದಿದ್ದೇನೆ. ಪೆನ್ಸಿಲಿನಲ್ಲಿ. ಪೆನ್ನು ಹಿಡಿಯೋದು ಕೊನೇ ಹಂತದ ಮತದಾನ ಮುಗಿದ ರಾತ್ರಿ, ಎಂದಿನಂತೆ.