ಅಷ್ಟು ಚಿಕ್ಕ ಅಮೆರಿಕ ಯುರೋಪಿಗೆ ಎಚ್ಚರಿಕೆ ಕೊಟ್ಟಿದ್ದು ಹೇಗೆ?

ಪ್ರಶ್ನೆ: 1823ರಲ್ಲಿ ಅಮೆರಿಕದ ನೌಕಾಪಡೆ ತುಂಬಾ ಚಿಕ್ಕದು. ಆದರೂ ‘ನಮ್ಮ ಕಡೆ ಹೊಸ ವಸಾಹತು ಕಟ್ಟಬೇಡಿ’ ಎಂದು ಅಧ್ಯಕ್ಷ ಜೇಮ್ಸ್ ಮನ್ರೋ ಯುರೋಪಿನ ರಾಜರಿಗೆ ಹೇಳಿದರು ಎಂದು ಓದಿದೆ. ಆ ಧೈರ್ಯ ಎಲ್ಲಿಂದ ಬಂತು ಸರ್?
– ಪದವಿ ವಿದ್ಯಾರ್ಥಿನಿ, ಹಾಸನ

ಉತ್ತರ: ಒಳ್ಳೆಯ ಪ್ರಶ್ನೆ ಕೇಳಿದ್ದೀರಿ. ಈ ಎಚ್ಚರಿಕೆಗೇ ಮನ್ರೋ ಸಿದ್ಧಾಂತ ಅನ್ನುತ್ತಾರೆ. ಪಠ್ಯಪುಸ್ತಕಗಳು ಅದು ಏನು ಅಂತ ಹೇಳಿ ಮುಗಿಸುತ್ತವೆ. ಅದರ ಹಿಂದಿದ್ದ ಬಲ ಯಾರದ್ದು ಅನ್ನುವುದೇ ಮುಖ್ಯ ವಿಷಯ. ಆ ಬಲ ಬಹುಪಾಲು ಬ್ರಿಟನ್ನಿನ ಹಡಗುಗಳದ್ದು.

ಅಮೆರಿಕಕ್ಕೆ ಆಗ ಎರಡು ಆತಂಕಗಳಿದ್ದವು. ಉತ್ತರ ಅಮೆರಿಕದ ವಾಯವ್ಯ ಕರಾವಳಿಯಲ್ಲಿ 51ನೇ ಅಕ್ಷಾಂಶದವರೆಗೆ ತನ್ನದೇ ಹಕ್ಕು ಎಂದು ರಷ್ಯಾದ ದೊರೆ 1821ರಲ್ಲಿ ಆಜ್ಞೆ ಹೊರಡಿಸಿದ್ದರು. ಇತ್ತ ಮೆಕ್ಸಿಕೊ, ಕೊಲಂಬಿಯಾ, ಚಿಲಿ ಸ್ಪೇನಿನ ಹಿಡಿತದಿಂದ ಬಿಡಿಸಿಕೊಂಡಿದ್ದವು. 1823ರಲ್ಲಿ ಫ್ರಾನ್ಸ್ ಸೈನ್ಯ ಕಳಿಸಿ ಸ್ಪೇನಿನ ರಾಜನಿಗೆ ಪೂರ್ತಿ ಅಧಿಕಾರ ಮರಳಿ ಕೊಡಿಸಿತು. ಮುಂದಿನ ಸರದಿ ಈ ಹೊಸ ದೇಶಗಳದ್ದೇ ಎಂಬ ಭಯ ಹುಟ್ಟಿತು.

ಬ್ರಿಟನ್ನಿಗೂ ಅದು ಬೇಕಿರಲಿಲ್ಲ. ಆ ದೇಶಗಳ ಜೊತೆ ಅದರ ವ್ಯಾಪಾರ ಬೆಳೆಯುತ್ತಿತ್ತು. ಇಬ್ಬರೂ ಸೇರಿ ಒಂದು ಹೇಳಿಕೆ ಕೊಡೋಣ ಎಂದು ಅಲ್ಲಿನ ವಿದೇಶಾಂಗ ಸಚಿವ ಜಾರ್ಜ್ ಕ್ಯಾನಿಂಗ್ ಕರೆದರು. ಮಾಜಿ ಅಧ್ಯಕ್ಷರಾದ ಜೆಫರ್ಸನ್ ಮತ್ತು ಮ್ಯಾಡಿಸನ್ ‘ಒಪ್ಪಿಕೊಳ್ಳಿ’ ಎಂದರು. ಬೇಡ ಎಂದು ಹಟ ಹಿಡಿದವರು ವಿದೇಶಾಂಗ ಕಾರ್ಯದರ್ಶಿ ಜಾನ್ ಕ್ವಿನ್ಸಿ ಆಡಮ್ಸ್. ಬ್ರಿಟಿಷ್ ಯುದ್ಧನೌಕೆಯ ಹಿಂದೆ ಪುಟ್ಟ ದೋಣಿಯಂತೆ ಹೋಗುವುದಕ್ಕಿಂತ ನಮ್ಮ ಮಾತನ್ನು ನಾವೇ ಹೇಳುವುದು ಮರ್ಯಾದೆ ಎಂಬುದು ಅವರ ವಾದ. ಬರೀ ಮಾನದ ಪ್ರಶ್ನೆಯೂ ಅಲ್ಲ. ಸ್ಪೇನಿನ ಹಳೆಯ ನೆಲವನ್ನು ತಾವಿಬ್ಬರೂ ಮುಟ್ಟುವುದಿಲ್ಲ ಎಂಬ ಮಾತೂ ಕ್ಯಾನಿಂಗ್ ಕರಡಿನಲ್ಲಿತ್ತು. ಮುಂದೆ ಕ್ಯೂಬಾ, ಟೆಕ್ಸಸ್ ತಾವಾಗಿಯೇ ಅಮೆರಿಕ ಸೇರಲು ಬಯಸಿದರೆ? ಆ ಬಾಗಿಲು ಮುಚ್ಚಲು ಆಡಮ್ಸ್ ತಯಾರಿರಲಿಲ್ಲ. ಇದನ್ನು ಮರೆತು ಮನ್ರೋ ಸಿದ್ಧಾಂತವನ್ನು ಬರೀ ಸ್ವಾತಂತ್ರ್ಯದ ಕಾವಲು ಎಂದು ಹೊಗಳಿದರೆ ಅರ್ಧ ಸತ್ಯ ಹೇಳಿದಂತೆ.

ಹೀಗೆ 1823ರ ಡಿಸೆಂಬರ್ 2ರಂದು ಮನ್ರೋ ಕಾಂಗ್ರೆಸ್‌ಗೆ ಕಳಿಸಿದ ವಾರ್ಷಿಕ ಸಂದೇಶದಲ್ಲಿ ಈ ಎಚ್ಚರಿಕೆ ಅಮೆರಿಕದ ಒಂದೇ ದನಿಯಲ್ಲಿ ಬಂತು. ಈಗಾಗಲೇ ಇರುವ ವಸಾಹತುಗಳ ತಂಟೆಗೆ ಬರುವುದಿಲ್ಲ ಎಂದೂ ಅದರಲ್ಲಿತ್ತು. ಹಾಗಾಗಿ ಕ್ಯೂಬಾ ಸ್ಪೇನಿನ ಕೈಯಲ್ಲೇ ಉಳಿಯಿತು.

ಆದರೆ ಸ್ಪೇನಿನಿಂದ ಬಿಡಿಸಿಕೊಂಡ ಆ ಹೊಸ ದೇಶಗಳ ಮೇಲೆ ಬಲ ಬಳಸುವುದಿಲ್ಲ ಎಂದು ಫ್ರಾನ್ಸ್ ಈ ಸಂದೇಶಕ್ಕೂ ಮೊದಲೇ, ಅಕ್ಟೋಬರ್‌ನಲ್ಲೇ ಕ್ಯಾನಿಂಗ್‌ಗೆ ಮಾತು ಕೊಟ್ಟಿತ್ತು! ರಷ್ಯಾದ ಜೊತೆಗಿನ ಗಡಿ ತಕರಾರು 1824ರ ಒಪ್ಪಂದದಲ್ಲಿ ಬಗೆಹರಿಯಿತು. ಇನ್ನು ಬ್ರಿಟನ್ನೇ ಕೈ ಹಾಕಿದರೆ? 1833ರಲ್ಲಿ ಅದು ದಕ್ಷಿಣ ಅಮೆರಿಕದ ಪಕ್ಕದ ಫಾಕ್‌ಲೆಂಡ್ ದ್ವೀಪಗಳನ್ನು ವಶ ಮಾಡಿಕೊಂಡಾಗ ಅಮೆರಿಕ ತಡೆಯಲು ಹೋಗಲಿಲ್ಲ.