ಮನೆ ಮೇಲೆ ಮರ ಬಿದ್ದರೆ ವಿಮೆ ಸಿಗುತ್ತಾ?

(ಮನೆ ವಿಮೆಯ ಬಗ್ಗೆ ಓದುಗರು ಕೇಳಿದ ಪ್ರಶ್ನೆಗಳಿಗೆ ನಿವೃತ್ತ ವಿಮಾ ಸರ್ವೇಯರ್ (ಹಾನಿ ಎಷ್ಟಾಗಿದೆ ಎಂದು ನೋಡಿ ವಿಮಾ ಕಂಪನಿಗೆ ವರದಿ ಕೊಡುವವರು) ಒಬ್ಬರು ಉತ್ತರಿಸಿದ್ದಾರೆ.)

ಪ್ರಶ್ನೆ: ನಮ್ಮದು ಸಾಗರ ತಾಲ್ಲೂಕಿನ ಹಳ್ಳಿ. ಜಂಬಿಟ್ಟಿಗೆ ಗೋಡೆಯ ಹೆಂಚಿನ ಮನೆ. ಮೊನ್ನೆ ರಾತ್ರಿ ಗಾಳಿಗೆ ಹಿತ್ತಿಲ ಹಲಸಿನ ಮರ ಅಡುಗೆಮನೆ ಮೇಲೆ ಬಿದ್ದು ಮಾಡು ಮುರಿದಿದೆ, ಒಂದು ಗೋಡೆ ಕುಸಿದಿದೆ. ಫ್ರಿಜ್, ಗ್ರೈಂಡರ್ ಅಡಿಗೆ ಸಿಕ್ಕಿವೆ. ಭಾರತ್ ಗೃಹ ರಕ್ಷಾ ಪಾಲಿಸಿ ಇದೆ, ಮನೆಗೆ 15 ಲಕ್ಷ. ಆದರೆ ದೇವರು ಮಾಡಿದ್ದಕ್ಕೆಲ್ಲ ಇನ್ಶೂರೆನ್ಸ್ ಇಲ್ಲ ಅಂತಾರೆ ಪಕ್ಕದ ಮನೆಯವರು. ಸರ್ವೇಯರ್ ಬರುವ ತನಕ ಏನನ್ನೂ ಮುಟ್ಟಬಾರದಂತೆ. ಮಳೆ ಬಿಟ್ಟಿಲ್ಲ. ಏನು ಮಾಡಲಿ?

ಉತ್ತರ: ತಾಯಿ, ನಿಮಗೆ ಫೋನಿನಲ್ಲೇ ಹೇಳಿದ್ದೇನೆ. ಉಳಿದವರಿಗೂ ಬೇಕಾಗುತ್ತದೆ ಅಂತ ಇಲ್ಲಿ ಬರೆಯುತ್ತಿದ್ದೇನೆ.

ಪಕ್ಕದ ಮನೆಯವರ ಮಾತು ಪೂರ್ತಿ ತಪ್ಪು. ಬಿರುಗಾಳಿ, ನೆರೆ, ಸಿಡಿಲು, ಭೂಕಂಪ, ಗುಡ್ಡ ಕುಸಿತ, ಇವಕ್ಕೆಂದೇ ಈ ಪಾಲಿಸಿ ಇರುವುದು. ಮರ ಬಿದ್ದು ಆಗುವ ಹಾನಿಯೂ ಅದರಲ್ಲಿದೆ. 2021ರ ಏಪ್ರಿಲ್ 1ರಿಂದ ದೇಶದಲ್ಲೆಲ್ಲ ಒಂದೇ ನಮೂನೆಯಲ್ಲಿ ಈ ಪಾಲಿಸಿ ಕೊಡಬೇಕೆಂದು ವಿಮಾ ನಿಯಂತ್ರಣ ಪ್ರಾಧಿಕಾರ ನಿಯಮ ಮಾಡಿದೆ. ಕಂಪನಿ ಯಾವುದಾದರೂ ಮೂಲ ರಕ್ಷಣೆ ಇಷ್ಟು ಇದ್ದೇ ಇರುತ್ತದೆ.

ಮುಟ್ಟಬಾರದು ಅನ್ನುವುದೂ ಸರಿಯಲ್ಲ. ಹಾನಿ ಜಾಸ್ತಿಯಾಗದಂತೆ ನೋಡಿಕೊಳ್ಳುವುದು ಪಾಲಿಸಿದಾರರ ಹೊಣೆ. ಮೊದಲು ಮೇನ್ ಸ್ವಿಚ್ ಆರಿಸಿ. ಆಮೇಲೆ ಫೋಟೋ, ವೀಡಿಯೊ. ಅದಾದ ಮೇಲೆ ಟಾರ್ಪಾಲು ಕಟ್ಟಿ, ಅಕ್ಕಿ ಚೀಲ ಒಳಗೆ ಸಾಗಿಸಿ, ಮರ ಕಡಿಸಿ. ಕಂಪನಿಗೆ ಅದೇ ದಿನ ಫೋನ್ ಮಾಡಿ ಕ್ಲೈಮ್ ನಂಬರ್ ಬರೆದುಕೊಳ್ಳಿ. ಟಾರ್ಪಾಲಿನ ಬಿಲ್ಲು, ಮರ ಕಡಿದವರ ಕೂಲಿ ಚೀಟಿ ಎಲ್ಲವನ್ನೂ ಒಂದು ಕವರಿನಲ್ಲಿಡಿ. ಅವಶೇಷ ತೆರವು ಮಾಡಿದ ಖರ್ಚಿಗೆ ಕ್ಲೈಮ್ ಮೊತ್ತದ ಶೇ. 2ರವರೆಗೆ ಸಿಗುತ್ತದೆ.

ಫೋಟೋ ತೆಗೆಯುವಾಗ ಜನ ದೂರ ನಿಂತು ಇಡೀ ಮನೆ ಬರುವಂತೆ ಒಂದು ತೆಗೆದು ಸುಮ್ಮನಾಗುತ್ತಾರೆ. ಅದು ಸಾಲದು, ಹತ್ತಿರದ್ದೂ ಬೇಕು. ನಾನು ಸ್ಥಳಕ್ಕೆ ಹೋದರೆ ಮೊದಲು ನೋಡುತ್ತಿದ್ದುದೇ ಒಡೆದ ಹೆಂಚಿನ ಅಂಚನ್ನು. ಈಗ ಒಡೆದದ್ದಾದರೆ ಅಂಚು ಕೆಂಪಗೆ, ಚೂಪಾಗಿ ಇರುತ್ತದೆ. ಹಳೇ ಒಡಕಾದರೆ ಕಪ್ಪಾಗಿ, ಪಾಚಿ ಹಿಡಿದಿರುತ್ತದೆ. ಪಕಾಸಿ, ರೀಪು ಮುರಿದ ಜಾಗದಲ್ಲೂ ಅಷ್ಟೇ. ಒಳಗಿನ ಮರ ಬೆಳ್ಳಗೆ ಗಟ್ಟಿಯಾಗಿದೆಯಾ, ಗೆದ್ದಲು ತಿಂದು ಪುಡಿಯಾಗಿತ್ತಾ ಅಂತ ಕಣ್ಣಿಗೇ ಗೊತ್ತಾಗುತ್ತದೆ. ಆದ್ದರಿಂದ ಹೆಂಚಿನ ಚೂರು, ಮುರಿದ ಪಕಾಸಿ ಎಸೆಯಬೇಡಿ. ಅಂಗಳದ ಮೂಲೆಯಲ್ಲಿ ಗುಡ್ಡೆ ಹಾಕಿಡಿ. ಫ್ರಿಜ್, ಗ್ರೈಂಡರ್ ಗುಜರಿಗೆ ಕೊಡುವುದು ಸರ್ವೇಯರ್ ನೋಡಿದ ಮೇಲೆ.

ಈಗ ಎಲ್ಲಕ್ಕಿಂತ ಮುಖ್ಯವಾದ ಮಾತು. ಕ್ಲೈಮ್ ಫಾರಂನಲ್ಲಿ ಹಾನಿಯ ಕಾರಣ ಬರೆಯಲು ಒಂದು ಸಾಲು ಇರುತ್ತದೆ. ಬೇರೆಯವರ ಕೈಲಿ ಬರೆಸಿದರೆ ಎಷ್ಟೋ ಸಲ 'ಮಳೆಗೆ ಗೋಡೆ ಬಿತ್ತು' ಅಂತ ಗೀಚಿ ಮುಗಿಸುತ್ತಾರೆ. ಓದಿದವರಿಗೆ ಹಳೇ ಗೋಡೆ ನೆನೆದು ನೆನೆದು ಬಿತ್ತೇನೋ ಅನ್ನಿಸುತ್ತದೆ. ಸವೆತಕ್ಕೆ, ನಿಧಾನವಾಗಿ ಹಾಳಾದದ್ದಕ್ಕೆ ವಿಮೆ ಇಲ್ಲ. ನಡೆದದ್ದನ್ನು ನಡೆದ ಹಾಗೆ ಬರೆಯಿರಿ: ಇಂಥ ತಾರೀಕು, ಇಷ್ಟು ಹೊತ್ತಿಗೆ, ಗಾಳಿಗೆ ಮರ ಮಾಡಿನ ಮೇಲೆ ಬಿತ್ತು, ಆ ಹೊಡೆತಕ್ಕೆ ಗೋಡೆ ಕುಸಿಯಿತು. ಇಂಗ್ಲಿಷ್ ಬರದಿದ್ದರೆ ಕನ್ನಡದಲ್ಲೇ ಬರೆದು ಸಹಿ ಹಾಕಿ. ತನ್ನ ಮನೆಯ ಕಷ್ಟವನ್ನು ತನಗೆ ಓದಲು ಬಾರದ ಭಾಷೆಯಲ್ಲಿ ಬೇರೆ ಯಾರೋ ಬರೆದು ಕೆಡಿಸಿದ್ದನ್ನು ಕಂಡಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಫ್ರಿಜ್, ಗ್ರೈಂಡರ್ ಬಗ್ಗೆ ಚಿಂತೆ ಬೇಡ. ಮನೆಗೆ ವಿಮೆ ಮಾಡಿಸಿದರೆ ಆ ಮೊತ್ತದ ಶೇ. 20ರಷ್ಟು ಸಾಮಾನಿಗೆ ತಾನಾಗಿಯೇ ಸೇರುತ್ತದೆ, ಗರಿಷ್ಠ 10 ಲಕ್ಷ. ನಿಮಗೆ 3 ಲಕ್ಷ ಆಯಿತು. ಗ್ರಾಮ ಆಡಳಿತ ಅಧಿಕಾರಿ ಬಂದು ಮಹಜರು ಮಾಡಿದರೆ ಅದರ ಪ್ರತಿ ಕೇಳಿ ಇಟ್ಟುಕೊಳ್ಳಿ. ಸರ್ಕಾರದ ಪರಿಹಾರ ಬೇರೆ, ವಿಮೆ ಬೇರೆ, ಆದರೆ ಆ ಕಾಗದ ಎರಡು ಕಡೆಯೂ ಸಾಕ್ಷಿ.

ಪ್ರಶ್ನೆ: ಬೆಂಗಳೂರಿನಲ್ಲಿ ರಾಜಕಾಲುವೆ ಪಕ್ಕದ ಅಪಾರ್ಟ್‌ಮೆಂಟಿನ ನೆಲಮಹಡಿಯಲ್ಲಿದ್ದೇವೆ. ಫ್ಲ್ಯಾಟಿಗೆ 80 ಲಕ್ಷ ಕೊಟ್ಟಿದ್ದೇವೆ. ವಿಮೆಯೂ 80 ಲಕ್ಷಕ್ಕೇ ಮಾಡಿಸಬೇಕಾ? ಅಸೋಸಿಯೇಷನ್ ಪಾಲಿಸಿ ಇದೆ ಅಂತಾರೆ.

ಉತ್ತರ: ಬೇಡ. ನೆರೆ ಬಂದರೆ ಜಾಗ ಎಲ್ಲೂ ಹೋಗುವುದಿಲ್ಲ ಅಲ್ವಾ? ಕಟ್ಟಡವನ್ನು ಮತ್ತೆ ಕಟ್ಟಲು ಎಷ್ಟು ಬೇಕೋ ಅಷ್ಟಕ್ಕೆ ಮಾಡಿಸಿ. ಕಾರ್ಪೆಟ್ ಏರಿಯಾ 1,000 ಚದರ ಅಡಿ, ಕಟ್ಟುವ ಖರ್ಚು ಅಡಿಗೆ 2,500 ರೂಪಾಯಿ ಅಂತ ಇಟ್ಟುಕೊಂಡರೆ 25 ಲಕ್ಷ ಆಗುತ್ತದೆ. ಉಳಿದದ್ದಕ್ಕೆ ಪ್ರೀಮಿಯಂ ಕಟ್ಟುವುದು ಸುಮ್ನೆ ದಂಡ.

ಅಸೋಸಿಯೇಷನ್ ಪಾಲಿಸಿಯನ್ನು ಕೈಗೆ ತೆಗೆದುಕೊಂಡು ಓದಿ. ಸಾಮಾನ್ಯವಾಗಿ ಅದು ಕಟ್ಟಡಕ್ಕೆ, ಲಿಫ್ಟು, ಪಂಪಿನಂಥ ಎಲ್ಲರ ಸ್ವತ್ತಿಗೆ ಇರುತ್ತದೆ. ನಿಮ್ಮ ಮಂಚ, ಸೋಫಾ, ವಾಷಿಂಗ್ ಮೆಷಿನ್ ಅದರಲ್ಲಿ ಬರುವುದಿಲ್ಲ. 2022ರ ಸೆಪ್ಟೆಂಬರ್‌ನಲ್ಲಿ ಹೊರವರ್ತುಲ ರಸ್ತೆಯ ಸುತ್ತಮುತ್ತ ಮನೆಗಳಿಗೆ ನೀರು ನುಗ್ಗಿದ್ದನ್ನು ನೀವೂ ನೋಡಿದ್ದೀರಿ. ನೆಲಮಹಡಿಯವರು ಸಾಮಾನಿಗೆ ಬೇರೆ ಪಾಲಿಸಿ ಮಾಡಿಸಲೇಬೇಕು.

ನೀರು ಇಳಿದ ಮೇಲೆ ಗೋಡೆಯಲ್ಲಿ ಕೆಸರಿನ ಗೆರೆ ಉಳಿಯುತ್ತದೆ. ಒರೆಸುವ ಮೊದಲು ಅದಕ್ಕೆ ಅಳತೆಯ ಟೇಪು ಹಿಡಿದು ಫೋಟೋ ತೆಗೆಯಿರಿ. ನೀರು ಎಷ್ಟು ಎತ್ತರ ನಿಂತಿತ್ತು ಅನ್ನುವುದಕ್ಕೆ ಅದಕ್ಕಿಂತ ಗಟ್ಟಿ ಸಾಕ್ಷಿ ಇಲ್ಲ. ಫ್ರಿಜ್ ನಡೆಯುತ್ತಾ ಅಂತ ಪ್ಲಗ್ ಹಾಕಿ ನೋಡಬೇಡಿ. ಬೇಸ್‌ಮೆಂಟಿನ ಕಾರಿಗೆ ಮನೆ ವಿಮೆ ಬರುವುದಿಲ್ಲ, ಕಾರಿನದೇ ಪಾಲಿಸಿ ಬೇಕು. ನೀರು ಹೊಕ್ಕ ಕಾರನ್ನು ಸ್ಟಾರ್ಟ್ ಮಾಡಲು ಮಾತ್ರ ಹೋಗಬೇಡಿ.

ಪ್ರಶ್ನೆ: ಮೇಲಿನ ಮನೆಯ ಬಾತ್‌ರೂಮಿನಿಂದ ನೀರು ಜಿನುಗಿ ನಮ್ಮ ಸೀಲಿಂಗ್ ಹಾಳಾಗಿದೆ. ವಿಮೆ ಬರುತ್ತಾ? (ಮೈಸೂರು)

ಉತ್ತರ: ಬರುವುದಿಲ್ಲ. ಪೈಪು ಒಡೆದೋ ಟ್ಯಾಂಕು ಉಕ್ಕಿಯೋ ನೀರು ನುಗ್ಗಿದ್ದರೆ ಬರುತ್ತಿತ್ತು. ತಿಂಗಳುಗಟ್ಟಲೆ ಜಿನುಗಿದ್ದಕ್ಕೆ ಇಲ್ಲ. ಮೇಲಿನ ಮನೆಯವರ ಜೊತೆ ಕೂತು ಮಾತಾಡಿ.

ಪ್ರಶ್ನೆ: ಬೆಂಕಿ ಹಾನಿಗೆ 4 ಲಕ್ಷ ಕೇಳಿದ್ದೆವು. ಸರ್ವೇಯರ್ ಬಂದು ಎರಡು ತಿಂಗಳಾದ ಮೇಲೆ ಈಗ ಕಂಪನಿ 1.6 ಲಕ್ಷ ಕೊಡುತ್ತೇವೆ, ವೋಚರಿಗೆ ಸಹಿ ಹಾಕಿ ಅನ್ನುತ್ತಿದೆ. (ಹುಬ್ಬಳ್ಳಿ)

ಉತ್ತರ: ವೋಚರಿನಲ್ಲಿ 'ಪೂರ್ತಿ ಮತ್ತು ಅಂತಿಮ', ಅಂದರೆ ಇಷ್ಟಕ್ಕೇ ಮುಗಿಯಿತು, ಇನ್ನೇನೂ ಕೇಳುವುದಿಲ್ಲ ಅಂತ ಇದ್ದರೆ ಈಗಲೇ ಸಹಿ ಬೇಡ. ಸರ್ವೆ ವರದಿಯ ಪ್ರತಿಯನ್ನು ಇಮೇಲ್‌ನಲ್ಲಿ ಕೇಳಿ. ಯಾವ ಬಾಬ್ತಿಗೆ ಎಷ್ಟು ಕಡಿದಿದ್ದಾರೆ, ಯಾಕೆ ಕಡಿದಿದ್ದಾರೆ ಅನ್ನುವುದು ಅದರಲ್ಲಿರುತ್ತದೆ. ಸಾಲು ಸಾಲಾಗಿ ಓದಿ. ಬಿಲ್ಲಿಲ್ಲ ಅಂತ ಬಿಟ್ಟಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟು, ಹಳೇ ಫೋಟೋ, ಅಂಗಡಿಯವರ ಚೀಟಿ ಕೊಡಬಹುದು. ಮೇಸ್ತ್ರಿಯ ಅಂದಾಜು ಪಟ್ಟಿಯಲ್ಲಿ ಬರೀ ಒಟ್ಟು ಮೊತ್ತ ಇದ್ದರೆ ಸಿಮೆಂಟು, ಮರ, ವೈರಿಂಗ್, ಕೂಲಿ ಅಂತ ಬಿಡಿಸಿ ಬರೆಸಿ. ನನ್ನ ಅನುಭವದಲ್ಲಿ ಹೆಚ್ಚು ಕಡಿತವಾಗುವುದು ಇಲ್ಲೇ.

ತಡದ ಬಗ್ಗೆಯೂ ಬರೆಯಿರಿ. ವಿಮಾ ನಿಯಂತ್ರಣ ಪ್ರಾಧಿಕಾರದ 2024ರ ಸುತ್ತೋಲೆಯ ಪ್ರಕಾರ ಸರ್ವೇಯರ್ ನೇಮಕಕ್ಕೆ 24 ಗಂಟೆ, ವರದಿಗೆ 15 ದಿನ, ವರದಿ ಬಂದ ಮೇಲೆ ಕಂಪನಿಯ ತೀರ್ಮಾನಕ್ಕೆ 7 ದಿನ.

ಕಂಪನಿಯ ದೂರು ವಿಭಾಗಕ್ಕೆ ಲಿಖಿತ ದೂರು ಕೊಡಿ. ಪ್ರಾಧಿಕಾರದ ಸಹಾಯವಾಣಿ 155255ಕ್ಕೆ ಫೋನ್ ಮಾಡಿ ಅಥವಾ ಅದರ ಬಿಮಾ ಭರೋಸಾ ಪೋರ್ಟಲಿನಲ್ಲೂ ದಾಖಲಿಸಬಹುದು. ಒಂದು ತಿಂಗಳಲ್ಲಿ ಉತ್ತರ ಬರದಿದ್ದರೆ, ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ವಿಮಾ ಓಂಬುಡ್ಸ್‌ಮನ್ (ವಿಮಾ ಕಂಪನಿಗಳ ಮೇಲಿನ ದೂರು ವಿಚಾರಿಸಿ ತೀರ್ಮಾನ ಕೊಡುವ ಅಧಿಕಾರಿ) ಇದ್ದಾರೆ. ಕರ್ನಾಟಕದವರಿಗೆ ಕಚೇರಿ ಬೆಂಗಳೂರಿನ ಜೆ.ಪಿ. ನಗರದ ಜೀವನ ಸೌಧದಲ್ಲಿದೆ. ಆನ್‌ಲೈನಿನಲ್ಲೂ ದೂರು ಕೊಡಬಹುದು. ಶುಲ್ಕ ಇಲ್ಲ, ವಕೀಲರು ಬೇಡ, 50 ಲಕ್ಷದವರೆಗಿನ ತಕರಾರು ನೋಡುತ್ತಾರೆ. ಕಂಪನಿಯ ಉತ್ತರ ಬಂದು ಒಂದು ವರ್ಷದೊಳಗೆ ಹೋಗಬೇಕು. ಗ್ರಾಹಕ ಆಯೋಗದಲ್ಲಿ ಕೇಸು ಹಾಕಿದ್ದರೆ ಓಂಬುಡ್ಸ್‌ಮನ್ ಅದೇ ದೂರನ್ನು ತೆಗೆದುಕೊಳ್ಳುವುದಿಲ್ಲ. ಆದ್ದರಿಂದ ಆಯೋಗಕ್ಕಿಂತ ಮೊದಲು ಓಂಬುಡ್ಸ್‌ಮನ್ ಬಳಿ ಹೋಗಿ.